ಅಮ್ಮಣ್ಣಿ ಓಡಿದ ಭಾನುವಾರ

ನಾವು ಜಯನಗರಕ್ಕೆ ಬಂದದ್ದು 1956ರಲ್ಲಿ. ಆಗ ಮೂರನೆಯ ಬ್ಲಾಕಿನಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮ ಮನೆಗೂ ಆಚೆ ಮನೆಗೂ ನಡುವೆ ಅಂಥ ಎರಡು ಸೈಟುಗಳಿದ್ದವು. ತುಂಬೆಗಿಡ, ಮುಳ್ಳುಪೊದೆ, ಮಳೆ ಬಂದರೆ ಕಪ್ಪೆ. ಆಚೆ ಮನೆಯ ಜಗಲಿಯ ಮೇಲೆ, ಬೆತ್ತದ ಕುರ್ಚಿಯಲ್ಲಿ, ಬೆನ್ನಿಗೊಂದು ದಿಂಬು ಕಾಲಿಗೊಂದು ದಿಂಬು ಇಟ್ಟುಕೊಂಡು ಇಪ್ಪತ್ತೈದು ವರ್ಷದ ಹೆಂಗಸೊಬ್ಬಳು ಹುರುಳಿಕಾಯಿ ಬಿಡಿಸುತ್ತ ಕುಳಿತಿರುತ್ತಿದ್ದಳು. ಬಾಣಂತಿಯಿರಬೇಕು ಎಂದುಕೊಂಡೆ. ಮೂರು ತಿಂಗಳು ಕಳೆದರೂ ಮಗುವಿನ ಅಳು ಕೇಳಿಸಲಿಲ್ಲ, ದಿಂಬುಗಳೂ ಹೋಗಲಿಲ್ಲ. ಒಂದು ದಿನ ನಾನೇ ಹೋಗಿ ಮಾತನಾಡಿಸಿದೆ.

ಅವಳೇ ಅಮ್ಮಣ್ಣಿ. ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಮೊದಲ ದಿನವೇ, "ಅಕ್ಕಾ, ನೀವು ನನ್ನನ್ನ ಬಹುವಚನದಲ್ಲಿ ಕರೆದ್ರೆ ನಾನು ಮಾತೇ ಆಡೋದಿಲ್ಲ" ಎಂದುಬಿಟ್ಟಳು. ಆದ್ದರಿಂದ ಇಲ್ಲಿಯೂ ಅವಳನ್ನು ಏಕವಚನದಲ್ಲೇ ಬರೆಯುತ್ತೇನೆ.

ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಕೀಲುಕೀಲು ನೋಯುವ ಜ್ವರ ಬಂದಿತ್ತಂತೆ. ಜ್ವರ ಬಿಟ್ಟ ಮೇಲೆ ವೈದ್ಯರು ಎದೆಗೆ ನಳಿಗೆಯಿಟ್ಟು ಕೇಳಿ, "ಹೃದಯದಲ್ಲಿ ಏನೋ ಒಂದು ಶಬ್ದ ಇದೆ. ಹುಡುಗಿಯನ್ನು ಓಡಾಡಿಸಬೇಡಿ" ಎಂದಿದ್ದರು. ಎಷ್ಟು ದಿನ ಎಂದು ಯಾರೂ ಕೇಳಲಿಲ್ಲ. ವೈದ್ಯರು ಬೇರೆ ಊರಿಗೆ ವರ್ಗವಾಗಿ ಹೋದರು. ಅವರ ಮಾತು ಮಾತ್ರ ಮನೆಯಲ್ಲೇ ಉಳಿಯಿತು. ಕುಂಟೆಬಿಲ್ಲೆ ಆಡುವಾಗ ಅಮ್ಮಣ್ಣಿ ಪಕ್ಕದಲ್ಲಿ ಕುಳಿತು ಯಾರು ಗೆರೆ ಮೆಟ್ಟಿದರೆಂದು ನೋಡುವವಳು. ಶಾಲೆಯ ಓಟದ ಪಂದ್ಯದಲ್ಲಿ ಓಡುವ ಹುಡುಗಿಯರೆಲ್ಲ ತಮ್ಮ ಬಳೆಗಳನ್ನು ತೆಗೆದು ಅವಳ ಮಡಿಲಿಗೆ ಹಾಕುತ್ತಿದ್ದರು. ಅವನ್ನು ಕಾಯುವುದು ಅವಳ ಕೆಲಸ.

ಮದುವೆಯಾದ ಮನೆಯಲ್ಲಿ ಕಾವಲು ಇನ್ನೂ ಬಿಗಿಯಾಯಿತು. ಅತ್ತೆ ಸೀತಾಲಕ್ಷ್ಮಮ್ಮನವರು ಎಲ್ಲವನ್ನೂ ತಿಳಿದೇ ಸೊಸೆಯನ್ನು ತಂದುಕೊಂಡವರು, ತಂದುಕೊಂಡ ಮೇಲೆ ಪಿಂಗಾಣಿ ಬಟ್ಟಲಿನಂತೆ ನೋಡಿಕೊಂಡವರು. ಕೊಡ ಎತ್ತಕೂಡದು, ಮೆಟ್ಟಿಲು ಹತ್ತಕೂಡದು, ಜೋರಾಗಿ ನಗಕೂಡದು. ಮೂರು ಕೋಣೆಗಳಲ್ಲಿ ಹನ್ನೊಂದು ಜನರಿದ್ದ ಆ ಮನೆಯಲ್ಲಿ ಹತ್ತು ಜನ ದುಡಿಯುತ್ತಿದ್ದರು, ಹನ್ನೊಂದನೆಯವಳು ಹುರುಳಿಕಾಯಿ ಬಿಡಿಸುತ್ತಿದ್ದಳು. ಮಕ್ಕಳಾಗಿರಲಿಲ್ಲ, ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ, ಅದೂ ಎದೆಗೆ ಭಾರವೆಂದು.

ಅವಳು ಬಿ.ಎ. ಮುಗಿಸಿ, ಉಪಾಧ್ಯಾಯರ ತರಬೇತಿಯನ್ನೂ ಮಾಡಿದ್ದಳು. 1957ರಲ್ಲಿ ನಾನು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಒಂದು ಹುದ್ದೆ ತೆರವಾದಾಗ ನಾನೇ ಅರ್ಜಿಯ ಕಾಗದ ತಂದುಕೊಟ್ಟೆ. ಮುಖ್ಯೋಪಾಧ್ಯಾಯರಾದ ಏಕಾಂತಯ್ಯನವರು ನಿಯಮದಂತೆ ವೈದ್ಯರ ಪ್ರಮಾಣಪತ್ರ ಕೇಳಿದರು. ಅಂದು ರಾತ್ರಿ ಊಟದ ಎಲೆಯ ಮುಂದೆ ಸೀತಾಲಕ್ಷ್ಮಮ್ಮನವರು ಕಣ್ಣೀರು ಹಾಕಿದರು: "ನಿಂತು ನಿಂತು ಪಾಠ ಹೇಳಿ ಈ ಹುಡುಗಿ ಬಿದ್ದುಹೋದ್ರೆ ಅವಳಪ್ಪಂಗೆ ಏನು ಹೇಳ್ಲಿ?" ಅಲ್ಲಿಗೆ ಆ ಮಾತು ಮುಗಿಯಿತು.

ಮರುವರ್ಷದ ಕೊನೆಯಲ್ಲಿ ಅವಳ ಗಂಡ ಅನಂತಪದ್ಮನಾಭ ಅವರನ್ನು ಕಾರ್ಖಾನೆಯವರು ಎರಡು ವರ್ಷದ ತರಬೇತಿಗೆಂದು ಪಶ್ಚಿಮ ಜರ್ಮನಿಗೆ ಕಳುಹಿಸಿದರು. ಅವರು ಅಳತೆಯ ಮನುಷ್ಯರು; ಕಾರ್ಖಾನೆಯಲ್ಲಿ ಕಬ್ಬಿಣವನ್ನು ಕೂದಲೆಳೆಯಷ್ಟು ನಿಖರವಾಗಿ ಅಳೆಯುವುದೇ ಅವರ ಕೆಲಸ. ಒಂದು ವರ್ಷವಾದಾಗ ಅವರಿಂದ ಪತ್ರ ಬಂತು. ಊಟ ಒಗ್ಗುತ್ತಿಲ್ಲ, ತೂಕ ಹದಿನಾಲ್ಕು ಪೌಂಡು ಇಳಿದಿದೆ. ಸೀತಾಲಕ್ಷ್ಮಮ್ಮನವರು ಎರಡು ದಿನ ಯೋಚಿಸಿದರು. ಮೂರನೆಯ ದಿನ, ಮೆಟ್ಟಿಲು ಹತ್ತಕೂಡದ ಸೊಸೆಯನ್ನು, ಸಾರಿನಪುಡಿ, ಪುಳಿಯೋಗರೆ ಗೊಜ್ಜು, ಹಪ್ಪಳಗಳ ಜೊತೆಯಲ್ಲಿ, ಹಡಗು ಹತ್ತಿಸಿ ಕಳುಹಿಸಿಬಿಟ್ಟರು. ಮಗನ ಹಸಿವಿನ ಮುಂದೆ ಯಾವ ವೈದ್ಯರ ಮಾತೂ ನಿಲ್ಲಲಿಲ್ಲ.

ಮುಂದಿನದನ್ನು ನಾನು ಕಂಡಿಲ್ಲ. ಆ ದಂಪತಿಗಳು ತಮ್ಮ ಜಗಲಿಯಲ್ಲಿ ಕುಳಿತು, ಒಬ್ಬರ ಮಾತನ್ನು ಒಬ್ಬರು ಕಸಿದುಕೊಳ್ಳುತ್ತ, ನನಗೆ ಎಷ್ಟೋ ಸಲ ಹೇಳಿದ್ದು ಇದು. ಇಬ್ಬರೂ ಒಪ್ಪಿದ್ದನ್ನು ಹಾಗೆಯೇ ಬರೆದಿದ್ದೇನೆ. ಒಪ್ಪದ ಕಡೆ ಅಮ್ಮಣ್ಣಿಯ ಮಾತನ್ನೇ ಹಿಡಿದಿದ್ದೇನೆ, ಏಕೆಂದರೆ ಓಡಿದವಳು ಅವಳು.

ಅವರಿದ್ದದ್ದು ನದಿಯ ದಡದ ಒಂದು ಚಿಕ್ಕ ಊರು. ಅದರ ಹೆಸರನ್ನು ಅವಳು ಒಂದು ರೀತಿ ಹೇಳುತ್ತಿದ್ದಳು, ಅವರು ಒಂದು ರೀತಿ. ಎರಡನ್ನೂ ಬರೆಯಲು ನನ್ನಿಂದ ಆಗದು. ಮನೆಯ ಯಜಮಾನಿಯನ್ನು ಅಮ್ಮಣ್ಣಿ 'ಓನರಮ್ಮ' ಎಂದೇ ಕರೆಯುತ್ತಿದ್ದಳು. 1960ರ ಫೆಬ್ರವರಿಯ ಚಳಿಯಲ್ಲಿ ಅವಳಿಗೆ ಕೆಮ್ಮು ಹಿಡಿದಾಗ ಓನರಮ್ಮನೇ ವೈದ್ಯರ ಬಳಿಗೆ ಕರೆದೊಯ್ದರು. ಹೃದಯದ ಸಂಗತಿ ಕೇಳಿ ಆ ವೈದ್ಯರು ಅವಳನ್ನು ಒಂದು ಸ್ಟೂಲು ಇಪ್ಪತ್ತು ಸಲ ಹತ್ತಿಸಿ ಇಳಿಸಿ, ಮತ್ತೆ ಎದೆ ಕೇಳಿ, ನಕ್ಕರಂತೆ. ಶಬ್ದ ಎಂದೋ ಹೋಗಿದೆ, ಹೃದಯ ಚೆನ್ನಾಗಿದೆ. ಪದ್ಮನಾಭ ಮರುದಿನ ತಾವೇ ಹೋಗಿ ಮೂರು ಸಲ ಕೇಳಿದರು. ನಾಲ್ಕನೆಯ ಸಲಕ್ಕೆ ವೈದ್ಯರು, "ನಿಮ್ಮದನ್ನು ಪರೀಕ್ಷಿಸಬೇಕೇ?" ಎಂದು ಕೇಳಿದರಂತೆ.

ಆ ಸಂಜೆ ಅಡುಗೆಮನೆಯಲ್ಲಿ ಅಮ್ಮಣ್ಣಿ ಮಾತು ತೆಗೆದಳು.

"ರೀ, ಊರಿಗೆ ಹೋದ್ಮೇಲೆ ನಾನು ಶಾಲೆ ಕೆಲಸಕ್ಕೆ ಅರ್ಜಿ ಹಾಕ್ತೀನಿ."

"ಅಮ್ಮ ಒಪ್ಪಬೇಕಲ್ಲೇ."

"ನೀವು ಬರೆದ್ರೆ ಒಪ್ತಾರೆ."

"ಏನಂತ ಬರೀಲಿ? ನಮಗೆ ಅರ್ಧ ಅರ್ಥವಾಗೋ ಭಾಷೇಲಿ ಒಬ್ಬ ಡಾಕ್ಟ್ರು ನಕ್ಕರು ಅಂತಲಾ?"

"ಹಾಗಾದ್ರೆ ನಿಮಗೂ ನಂಬಿಕೆ ಇಲ್ಲ."

ಪದ್ಮನಾಭ ಸುಳ್ಳು ಹೇಳುವವರಲ್ಲ. ಕಿಟಕಿಯತ್ತ ತಿರುಗಿದರು. ಕಿಟಕಿಯಿಂದ ಕಾಣುತ್ತಿದ್ದ ಬೆಟ್ಟದ ಮೇಲೊಂದು ಹಾಳು ಕೋಟೆ. ಅಮ್ಮಣ್ಣಿ ಸೌಟಿನಿಂದ ಅದನ್ನು ತೋರಿಸಿದಳು. "ಅದನ್ನ ಹತ್ತಿ ಇಳಿದು ತೋರಿಸ್ತೀನಿ. ನನಗೇನೂ ಆಗ್ಲಿಲ್ಲ ಅಂದ್ರೆ ಅವತ್ತೇ ಅತ್ತೆಯವರಿಗೆ ಬರೀಬೇಕು."

"ಆಗಿಬಿಟ್ರೆ?"

"ಆಗಿಬಿಟ್ರೆ ಹುರುಳಿಕಾಯಿ ಬಿಡಿಸ್ತೀನಿ, ಜೀವ ಇರೋವರೆಗೂ. ಚಕಾರ ಎತ್ತೋಲ್ಲ."

ಮಾತು ಕೊಟ್ಟದ್ದಾಯಿತು. ಮೇ ತಿಂಗಳಲ್ಲಿ ಬಿಸಿಲು ಬಂದು, ಸೇಬಿನ ಮರಗಳೆಲ್ಲ ಬಿಳಿಯ ಹೂ ಬಿಟ್ಟ ಒಂದು ಭಾನುವಾರ ಇಬ್ಬರೂ ಹೊರಟರು. ಅಮ್ಮಣ್ಣಿ ಇಳಕಲ್ಲು ಸೀರೆಯ ಮೇಲೆ ಉಣ್ಣೆಯ ಕೋಟು ತೊಟ್ಟಿದ್ದಳು. ಕಾಲಿಗೆ ಓನರಮ್ಮ ಕೊಟ್ಟ ಬೂಟುಗಳು. ಒಂದು ಸೈಜು ದೊಡ್ಡವಾದ್ದರಿಂದ ಎರಡು ಜೊತೆ ಕಾಲುಚೀಲ. ಯುದ್ಧದ ಕಾಲದಲ್ಲೂ ಮಾರದೆ ಇಟ್ಟುಕೊಂಡಿದ್ದ ಬೂಟುಗಳಂತೆ ಅವು. "ಜೋಪಾನ" ಎಂದು ಓನರಮ್ಮ ಎರಡು ಸಲ ಹೇಳಿದ್ದರು. ಪದ್ಮನಾಭ ಅವರ ಬೆನ್ನಿನ ಚೀಲದಲ್ಲಿ ಪುಳಿಯೋಗರೆಯ ಡಬ್ಬಿ, ಗ್ಲೂಕೋಸು, ಎರಡು ಬಾಟಲಿ ನೀರು, ಕಂಬಳಿ, ಮೂಗಿಗೆ ಹಿಡಿಯುವ ಔಷಧಿ. ಕೈಯಲ್ಲಿ ಒಂದು ಮಡಿಸುವ ಸ್ಟೂಲು.

"ಇದ್ಯಾಕ್ರೀ?"

"ನೂರು ಹೆಜ್ಜೆಗೊಂದು ಸಲ ನೀನು ಕೂತ್ಕೋಬೇಕು."

ದಾರಿಯ ಬುಡದಲ್ಲಿ ಒಂದು ಹಲಗೆ. ಆ ದೇಶದಲ್ಲಿ ಎಷ್ಟು ದೂರ ಎಂದು ಬರೆಯುವುದಿಲ್ಲ, ಎಷ್ಟು ಹೊತ್ತು ಎಂದು ಬರೆಯುತ್ತಾರೆ. ಕೋಟೆಗೆ ಒಂದು ಗಂಟೆ. ಪದ್ಮನಾಭ ಲೆಕ್ಕ ಹಾಕಿ ಎರಡೂ ಮುಕ್ಕಾಲು ಎಂದರು.

ಮೊದಲ ನೂರು ಹೆಜ್ಜೆಗೆ ಅವಳು ಕುಳಿತಳು. ಎರಡನೆಯ ನೂರಕ್ಕೂ ಕುಳಿತಳು. ಮೂರನೆಯದಕ್ಕೆ ಕುಳಿತಿದ್ದಾಗ ಊರುಗೋಲು ಹಿಡಿದ ಒಬ್ಬ ಅಜ್ಜಿ, ಎಪ್ಪತ್ತೈದಕ್ಕೆ ಕಡಿಮೆಯಿಲ್ಲ, ನಮಸ್ಕಾರ ಹೇಳಿ ದಾಟಿ ಹೋದರು. ಅಮ್ಮಣ್ಣಿ ಎದ್ದು ನಿಂತಳು.

"ಇನ್ನೂ ಸ್ವಲ್ಪ ಹೊತ್ತು ಕೂತ್ಕೊಳ್ಳೇ."

"ನೀವು ಎಣಿಸ್ಕೊಂಡು ಬನ್ನಿ. ನಾನು ಮುಂದೆ ಇರ್ತೀನಿ."

"ಎಪ್ಪತ್ತೊಂದು, ಎಪ್ಪತ್ತೆರಡು... ಅಮ್ಮಣ್ಣೀ! ಮೆಲ್ಲಗೇ!"

"ಎಣಿಕೆ ತಪ್ತು ನೋಡಿ. ಮತ್ತೆ ಒಂದರಿಂದ ಶುರು ಮಾಡಿ!"

ಹಾಗೆ ಎಣಿಸುತ್ತ, ತಪ್ಪುತ್ತ, ಜಗಳವಾಡುತ್ತ ಅವರು ಒಂದು ಗಂಟೆ ಐದು ನಿಮಿಷಕ್ಕೆ ಕೋಟೆಯ ಬಾಗಿಲಿನಲ್ಲಿದ್ದರು. ಪದ್ಮನಾಭ ಗಡಿಯಾರವನ್ನು ಕಿವಿಗೆ ಹಿಡಿದು ನೋಡಿದರಂತೆ, ನಿಂತುಹೋಗಿದೆಯೇನೋ ಎಂದು.

ಕೋಟೆ ಎಂದರೆ ನಮ್ಮ ಕಡೆಯಂತೆ ಬರಿಯ ಸುತ್ತುಗೋಡೆಯಲ್ಲ. ಅದು ಒಂದು ಕಾಲಕ್ಕೆ ಯಾರೋ ದೊರೆ ಸಂಸಾರ ಮಾಡಿದ ಮನೆ. ಮಾಡು ಹೋಗಿ, ಮಹಡಿಗಳು ಬಿದ್ದು, ಗೋಡೆಗಳು ಮಾತ್ರ ನಿಂತಿದ್ದವು. ಕೋಣೆಗಳ ಒಳಗೆ ಮರಗಳು ಬೆಳೆದಿದ್ದವು. ಒಂದು ಗೋಡೆಯಲ್ಲಿ, ಎರಡಾಳು ಎತ್ತರದಲ್ಲಿ, ಕೆಳಗೆ ನೆಲವೇ ಇಲ್ಲದೆ ಒಂದು ಒಲೆಗೂಡು ಬಾಯಿ ತೆರೆದುಕೊಂಡಿತ್ತು.

"ರೀ, ಅಷ್ಟು ಮೇಲೆ ಒಲೆ! ಅಡುಗೆಯವರು ಎಲ್ಲಿ ನಿಲ್ತಿದ್ರು?"

"ಅಲ್ಲಿ ಮರದ ನೆಲ ಇತ್ತು. ಸುಟ್ಟುಹೋಗಿದೆ."

"ಸಾರು ಉಕ್ಕಿರ್ಬೇಕು."

ಅವಳು ತಾನು ಹೇಳಿದ್ದಕ್ಕೆ ತಾನೇ ನಗಲು ತೊಡಗಿದಳು. ಜೋರಾಗಿ, ಗೋಡೆಗೋಡೆಗೆ ತಾಗಿ ತಿರುಗಿ ಬರುವಂತೆ. ಮದುವೆಯಾದ ಆರು ವರ್ಷದಲ್ಲಿ ತಾವು ಆ ನಗುವನ್ನು ಕೇಳಿಯೇ ಇರಲಿಲ್ಲ ಎಂದು ಪದ್ಮನಾಭ ಹೇಳುತ್ತಿದ್ದರು. ಹೆದರಿ ಗ್ಲೂಕೋಸು ತೆಗೆದರಂತೆ.

ಆಮೇಲೆ ಅವಳು ಆ ಮನೆಯನ್ನು ಹಂಚತೊಡಗಿದಳು.

"ಇದು ಅತ್ತೆಯವರ ಕೋಣೆ."

"ಮಾಡೇ ಇಲ್ವಲ್ಲೇ ಇದಕ್ಕೆ."

"ಬಿಸಿಲು ಚೆನ್ನಾಗಿ ಬೀಳತ್ತೆ, ಹಪ್ಪಳ ಒಣಗಿಸ್ಬಹುದು. ಅವರಿಗೆ ಅಷ್ಟೇ ಸಾಕು."

"ನಮ್ಮ ರಾಮಪ್ರಸಾದನಿಗೆ?" ರಾಮಪ್ರಸಾದ ಎಂದರೆ ಅವರ ತಮ್ಮ, ಇಂಟರ್‌ಮೀಡಿಯೆಟ್ ಪರೀಕ್ಷೆಗೆ ಮೂರನೆಯ ಸಲ ಕಟ್ಟಿದ್ದ.

"ಕೆಳಗೆ ಆ ನೆಲಮಾಳಿಗೆ ಇದೆಯಲ್ಲ, ಅದು. ಬೀಗ ಹಾಕಿದ್ರೆ ಓದ್ಕೋತಾನೆ."

"ಅಣ್ಣ ಅತ್ತಿಗೇನ ಬಿಟ್ರೆ ಬೇಜಾರು ಮಾಡ್ಕೋತಾರೆ, ಅವರಿಗೆ ಯಾವುದು?"

"ಅವರಿಗೆ ಎರಡು ಕೋಣೆ, ಮಕ್ಕಳಿಗೆ ಮೂರು. ಮಾವನವರಿಗೆ ಬಾಗಿಲ ಹತ್ರದ್ದು, ಬಂದೋರು ಹೋಗೋರನ್ನೆಲ್ಲ ವಿಚಾರಿಸ್ಬಹುದು."

"ಸರಿ. ನಮಗೆ?"

ಅಮ್ಮಣ್ಣಿ ಮೂಲೆಯಲ್ಲಿದ್ದ ಬುರುಜಿನ ತುದಿಯನ್ನು ಬೆರಳಿನಿಂದ ತೋರಿಸಿದಳು. ತೋರಿಸಿದವಳು ಅತ್ತ ಹೊರಟೂ ಬಿಟ್ಟಳು.

ಬುರುಜಿಗೆ ತೊಂಬತ್ತೆರಡು ಮೆಟ್ಟಿಲು, ಶಂಖದ ಒಳಗಿನಂತೆ ಸುತ್ತಿಕೊಂಡು ಹೋಗುವ ಇಕ್ಕಟ್ಟಿನ ಕಲ್ಲು ಮೆಟ್ಟಿಲು. ಅವಳು ಒಂದೇ ಉಸಿರಿಗೆ ಹತ್ತಿದಳು. ಪದ್ಮನಾಭ ನಲವತ್ತನೆಯ ಮೆಟ್ಟಿಲಿನಲ್ಲಿ ಸ್ಟೂಲು ಅಡ್ಡ ಸಿಕ್ಕಿಕೊಂಡು ಹಿಂದಕ್ಕೂ ಹೋಗಲಾರದೆ ಮುಂದಕ್ಕೂ ಹೋಗಲಾರದೆ ನಿಂತರು. ಮೇಲಿನಿಂದ ಅವಳ ಕೂಗು ಕೇಳಿಸಿತು: "ಬನ್ರೀ! ನದಿ ಕಾಣ್ತಿದೆ! ನಮ್ಮನೆ ಕಾಣ್ತಿದೆ! ಓನರಮ್ಮ ಬಟ್ಟೆ ಒಣಹಾಕಿರೋದು ಕಾಣ್ತಿದೆ!"

"ಎದೆ ಹೇಗಿದೆ?"

"ಯಾರದು?"

ಸ್ಟೂಲನ್ನು ಅಲ್ಲಿಯೇ ಬಿಟ್ಟು ಅವರು ಮೇಲೆ ಬಂದಾಗ ಅವಳು ಗೋಡೆಗೆ ಒರಗಿ, ಗಾಳಿಗೆ ಮುಖವೊಡ್ಡಿ ನಿಂತಿದ್ದಳು. ಪುಳಿಯೋಗರೆಯನ್ನು ಅಲ್ಲಿಯೇ ತಿಂದರು. ಇಬ್ಬರಿಗೆಂದು ತಂದದ್ದರಲ್ಲಿ ಮುಕ್ಕಾಲು ಪಾಲು ಅವಳೇ ಮುಗಿಸಿದಳು.

"ಬರೀತೀರಾ ಹಾಗಾದ್ರೆ?" ಎಂದು ಬೆರಳು ನೆಕ್ಕುತ್ತ ಕೇಳಿದಳು.

"ಹತ್ತಿದ್ದಾಯ್ತು. ಇಳಿಯೋದಿದೆ ಇನ್ನೂ" ಎಂದರು ಅಳತೆಯ ಮನುಷ್ಯರು.

ಇಳಿದು ಬರುವಾಗ ಕೋಟೆಯ ಹಿಂಬದಿಯಲ್ಲಿ ಒಂದು ಪುಟ್ಟ ಚರ್ಚು ಕಂಡಿತು. ಅದೊಂದಕ್ಕೆ ಮಾತ್ರ ಮಾಡು ಉಳಿದಿತ್ತು. ಒಳಗೆ ಮೇರಿಯಮ್ಮನ ಮರದ ಮೂರ್ತಿ, ಮುಂದೆ ಉರಿಯುವ ಮೇಣದ ಬತ್ತಿ, ಜಾಡಿಯಲ್ಲಿ ಹೂ. ದೇವರಿರುವ ಜಾಗ. ಇಬ್ಬರೂ ಒಬ್ಬರನ್ನೊಬ್ಬರು ಕೇಳಲೂ ಇಲ್ಲ. ಹೊಸ್ತಿಲ ಹೊರಗೆ ಕುಳಿತು ಬೂಟು ಬಿಚ್ಚಿ, ಕಾಲುಚೀಲಗಳನ್ನು ಬೂಟಿನೊಳಗೆ ತುರುಕಿ, ಎರಡೂ ಜೊತೆಯನ್ನು ಗೋಡೆಗೆ ಸೇರಿಸಿ ಇಟ್ಟು, ಬರಿಗಾಲಿನಲ್ಲಿ ಒಳಗೆ ಹೋದರು. ಅಮ್ಮಣ್ಣಿ ದಾರಿಯಲ್ಲಿ ಕಿತ್ತ ಹೂಗಳನ್ನು ಜಾಡಿಗೆ ಸೇರಿಸಿದಳು. ಪ್ರದಕ್ಷಿಣೆಗೆ ಜಾಗವಿರಲಿಲ್ಲವಾದ್ದರಿಂದ ನಿಂತಲ್ಲೇ ಮೂರು ಸುತ್ತು ಸುತ್ತಿದಳು. ದೇವಸ್ಥಾನಕ್ಕೆ ಹೋದವರು ಸ್ವಲ್ಪ ಹೊತ್ತು ಕುಳಿತೇ ಬರಬೇಕಷ್ಟೆ, ಕುಳಿತರು. ಹೊರಗೆ ಜನರ ಮಾತು, ಒಂದು ಹಾಡು ಕೇಳಿಸಿ ದೂರವಾಯಿತು.

ಹೊರಗೆ ಬಂದರೆ ಬೂಟುಗಳಿಲ್ಲ.

"ಹೋಯ್ತು" ಎಂದರು ಪದ್ಮನಾಭ. ಗವಿಪುರದ ದೇವಸ್ಥಾನದ ಮುಂದೆ ಎರಡು ಸಲ ಚಪ್ಪಲಿ ಕಳೆದುಕೊಂಡವರು. "ಇಷ್ಟು ದೂರ ಬಂದ್ರೂ ಬಿಡ್ಲಿಲ್ಲ ನೋಡು."

ಅವರಿಗೆ ಇದ್ದದ್ದೇ ಆ ಒಂದು ಜೊತೆ; ಸೋಮವಾರ ಬೆಳಿಗ್ಗೆ ಕಾರ್ಖಾನೆಗೆ ಹೋಗಬೇಕು. ಅಮ್ಮಣ್ಣಿಯವಂತೂ ಓನರಮ್ಮನ ಬೂಟುಗಳು. ಅವಳು ಗೋಡೆಯ ಅಂಚಿಗೆ ಹೋಗಿ ಬಗ್ಗಿ ನೋಡಿದಳು. ಗಾಡಿ ರಸ್ತೆ ಹಾವಿನಂತೆ ಸುತ್ತಿ ಸುತ್ತಿ ಬೆಟ್ಟವನ್ನು ಇಳಿಯುತ್ತಿತ್ತು. ಅದರಲ್ಲಿ ಮೂವತ್ತು ನಲವತ್ತು ಜನ ವಯಸ್ಸಾದವರ ಗುಂಪೊಂದು ಹಾಡುತ್ತ ಹೋಗುತ್ತಿತ್ತು. ಎಲ್ಲರಿಗಿಂತ ಮುಂದಿದ್ದ ದಪ್ಪ ಮನುಷ್ಯನ ಕೋಲಿನ ತುದಿಯಲ್ಲಿ, ದಾರಗಳಿಂದ ಗಂಟು ಹಾಕಿದ ಎರಡು ಜೊತೆ ಬೂಟುಗಳು ತೂಗಾಡುತ್ತಿದ್ದವು. ಕೆಳಗೆ ಬಯಲಿನಲ್ಲಿ ಅವರನ್ನು ಕರೆದೊಯ್ಯಲು ಬಸ್ಸು ನಿಂತಿತ್ತು.

ಅಮ್ಮಣ್ಣಿ ಎರಡು ಕೈಯನ್ನೂ ಎತ್ತಿ ಬೀಸಿ ಕೂಗಿದಳು. ಗುಂಪಿನವರೆಲ್ಲ ನಿಂತು ತಿರುಗಿ ನೋಡಿ, ಸಂತೋಷದಿಂದ ತಾವೂ ಕೈ ಬೀಸಿ, ಮತ್ತೆ ಹಾಡುತ್ತ ಹೊರಟರು.

"ಬಸ್ಸು ಹತ್ತಿಬಿಟ್ರೆ ಮುಗೀತು" ಎಂದಳು.

"ನಾನು ಹೋಗ್ತೀನಿ. ನೀನು ಇಲ್ಲೇ ಕೂತಿರು" ಎಂದು ಪದ್ಮನಾಭ ಓಡಲು ಹೊರಟರು. ನಾಲ್ಕನೆಯ ಹೆಜ್ಜೆಗೆ ಚೂಪುಗಲ್ಲೊಂದನ್ನು ಮೆಟ್ಟಿ "ಅಯ್ಯಪ್ಪಾ" ಎಂದು ಕುಳಿತರು. ಹುಟ್ಟಿದಂದಿನಿಂದ ಬೂಟು, ಇಲ್ಲವೇ ಚಪ್ಪಲಿ ಮೆಟ್ಟಿದ ಕಾಲು.

ಅಮ್ಮಣ್ಣಿಯ ಕಾಲು ಮನೆಯೊಳಗೆ, ಹಿತ್ತಿಲಿನಲ್ಲಿ, ಜಗಲಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಬರಿಗಾಲಾಗಿಯೇ ಇದ್ದದ್ದು. ಕೋಟನ್ನು ಬಿಚ್ಚಿ ಗಂಡನ ಮಡಿಲಿಗೆ ಎಸೆದಳು. ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ರಸ್ತೆಯನ್ನು ಬಿಟ್ಟು, ಸೇಬಿನ ತೋಟದ ನಡುವೆ ಹುಲ್ಲಿನ ಇಳಿಜಾರಿನಲ್ಲಿ ನೇರವಾಗಿ ಕೆಳಕ್ಕೆ ಓಡಿದಳು.

"ಅಮ್ಮಣ್ಣೀ! ಓಡಬೇಡ್ವೇ!" ಇಪ್ಪತ್ತು ವರ್ಷದಿಂದ ಎಲ್ಲರೂ ಹೇಳುತ್ತಿದ್ದ ಮಾತು. ಅದು ಬೆಟ್ಟಕ್ಕೆ ತಾಗಿ ಎರಡು ಸಲ ಮರಳಿ ಬಂತು. ಅವಳು ನಿಲ್ಲಲಿಲ್ಲ. ನಿಲ್ಲುವುದು ಹೇಗೆಂದು ಗೊತ್ತಿದ್ದರೆ ತಾನೇ? ಓಡಿ ಅಭ್ಯಾಸವಿದ್ದವರಿಗೆ ನಿಲ್ಲಿಸಲೂ ಬರುತ್ತದೆ. ಇಳಿಜಾರು ಅವಳನ್ನು ಎಳೆದುಕೊಂಡೇ ಹೋಯಿತು. ಹುಲ್ಲು ತಣ್ಣಗೆ ಒದ್ದೆ, ಮರಗಳಿಂದ ಹೂವಿನ ಎಸಳು ತಲೆಯ ಮೇಲೆ ಉದುರುತ್ತಿತ್ತು, ಜಡೆ ಬಿಚ್ಚಿಹೋಯಿತು, ಒಂದು ಬೇಲಿ ಅಡ್ಡ ಬಂತು, ಅದನ್ನು ಹೇಗೆ ದಾಟಿದೆನೆಂದು ಅವಳಿಗೆ ಇಂದಿಗೂ ತಿಳಿಯದು. "ಅಕ್ಕಾ, ನಾನು ಓಡ್ಲಿಲ್ಲ, ಬಿದ್ದೆ. ಆದ್ರೆ ನಿಂತ್ಕೊಂಡೇ ಬಿದ್ದೆ, ಕೊನೇವರೆಗೂ" ಎನ್ನುತ್ತಿದ್ದಳು.

ಗುಂಪು ಕೊನೆಯ ತಿರುವಿಗೆ ಬರುವಷ್ಟರಲ್ಲಿ ಅವಳು ಬೇಲಿಯ ಸಂದಿನಿಂದ ರಸ್ತೆಗೆ ಧುಮುಕಿ, ದಪ್ಪ ಮನುಷ್ಯನ ಎದುರಿಗೆ ಎರಡು ಕೈ ಚಾಚಿ ನಿಂತಳು. ಹಾಡು ನಿಂತುಹೋಯಿತು. ಹಣೆಯಲ್ಲಿ ಕುಂಕುಮ, ತಲೆಯ ತುಂಬ ಬಿಳಿಯ ಎಸಳು, ಕೆಸರು ಮೆತ್ತಿದ ಬರಿಗಾಲು. ಮಾತನಾಡಲು ಬಾಯಿ ತೆರೆದಳು, ಉಸಿರಿಲ್ಲ. ಬೂಟನ್ನು ತೋರಿಸಿದಳು, ತನ್ನ ಕಾಲನ್ನು ತೋರಿಸಿದಳು, ಅಲ್ಲಿಯೇ ರಸ್ತೆಯ ಬದಿಗೆ ಕುಸಿದು ಕುಳಿತಳು.

ಆಗ ಅವಳಿಗೆ ತನ್ನ ಎದೆಯ ನೆನಪಾಯಿತು. ಅದು ಪಕ್ಕೆಲುಬುಗಳನ್ನು ಒದೆಯುತ್ತಿತ್ತು. ಕಿವಿಯಲ್ಲಿ, ಗಂಟಲಿನಲ್ಲಿ, ಬೆರಳ ತುದಿಯಲ್ಲಿ ಅದರದೇ ಸದ್ದು. ಇದೇ ಇರಬೇಕು ಎಂದುಕೊಂಡಳು. ಅಪ್ಪ, ಅಮ್ಮ, ಅತ್ತೆ ಎಲ್ಲರೂ ಹೆದರಿದ್ದು ಇದಕ್ಕೇ ಇರಬೇಕು. ಕಣ್ಣು ಮುಚ್ಚಿ ಕಾದಳು. ಯಾರೋ ಒಬ್ಬರು ಬೆನ್ನು ಸವರುತ್ತಿದ್ದರು. ಅವಳು ಕಾದಳು. ಎದೆಯ ಒದೆತ ಮೊದಲು ಇದ್ದಷ್ಟೇ ಇತ್ತು. ಆಮೇಲೆ ಸ್ವಲ್ಪ ನಿಧಾನವಾಯಿತು. ಇನ್ನೂ ನಿಧಾನವಾಯಿತು. ಯಾರ ಅಪ್ಪಣೆಯೂ ಇಲ್ಲದೆ, ಔಷಧಿಯಿಲ್ಲದೆ, ದಿಂಬಿಲ್ಲದೆ, ಕೆಲಸ ಮುಗಿಸಿ ಬಂದ ಆಳಿನಂತೆ ಅದು ತಾನಾಗಿ ತಣ್ಣಗಾಗಿ ಕುಳಿತುಕೊಂಡಿತು.

ಅಮ್ಮಣ್ಣಿ ಕಣ್ಣು ಬಿಟ್ಟಳು. ಸುತ್ತಲೂ ನಲವತ್ತು ಮುಖಗಳು ಬಗ್ಗಿ ನೋಡುತ್ತಿದ್ದವು. ಅವಳಿಗೆ ನಗು ಬಂತು.

ಬೆನ್ನು ಸವರುತ್ತಿದ್ದವರು ಬೆಳಿಗ್ಗೆ ಅವರನ್ನು ದಾಟಿ ಹೋಗಿದ್ದ ಅಜ್ಜಿಯೇ. ಅವರೆಲ್ಲ ಒಂದು ಹಾಡಿನ ಸಂಘದವರು. ಆ ದೇಶದಲ್ಲಿ ಬೂಟು ಬಿಚ್ಚಿ ದೇವರ ಬಳಿ ಹೋಗುವವರಿಲ್ಲ. ಬೆಟ್ಟ ಹತ್ತಲು ಒಂದು ಜೊತೆ, ಇಳಿಯಲು ಒಂದು ಜೊತೆ ತರುವವರಿದ್ದಾರೆ. ತಮ್ಮವರೇ ಯಾರೋ ಮರೆತಿರಬೇಕೆಂದು ದಪ್ಪ ಮನುಷ್ಯ ಜೋಪಾನವಾಗಿ ಎತ್ತಿಕೊಂಡು ಬಂದಿದ್ದ. ಅಮ್ಮಣ್ಣಿ ತನಗೆ ಬರುತ್ತಿದ್ದ ನಾಲ್ಕು ಮಾತುಗಳಲ್ಲಿ, ಉಳಿದುದನ್ನು ಕೈಮುಗಿದು ಅಭಿನಯಿಸಿ, ವಿಷಯ ತಿಳಿಸಿದಳು. ಅವನು ಸ್ವಲ್ಪ ಯೋಚಿಸಿ, ತನ್ನ ಟೋಪಿಯನ್ನು ತೆಗೆದು ತೋರಿಸಿದ: ನಾವು ಇದನ್ನು ತೆಗೆಯುತ್ತೇವೆ, ನೀವು ಅದನ್ನು. ಎಲ್ಲರೂ ತಲೆದೂಗಿದರು. ಅಜ್ಜಿ ತಾವೇ ಬಗ್ಗಿ, ತಮ್ಮ ಕರವಸ್ತ್ರದಿಂದ ಅವಳ ಪಾದದ ಕೆಸರನ್ನು ಒರೆಸಲು ಹೋದರು. ದೊಡ್ಡವರು ಕಾಲು ಮುಟ್ಟಿದರೆಂದು ಅಮ್ಮಣ್ಣಿ ಗಾಬರಿಯಾಗಿ, ಎದ್ದು, ಅವರ ಕಾಲಿಗೆ ನಮಸ್ಕಾರ ಮಾಡಿದಳು. ಅಜ್ಜಿ ಇನ್ನಷ್ಟು ಗಾಬರಿಯಾದರು.

ಮುಕ್ಕಾಲು ಗಂಟೆಯ ಮೇಲೆ ಪದ್ಮನಾಭ ಕುಂಟುತ್ತ ಬಂದರು. ಒಂದು ಕೈಯಲ್ಲಿ ಕೋಟು, ಇನ್ನೊಂದರಲ್ಲಿ ಸ್ಟೂಲು. ಬುರುಜಿನೊಳಕ್ಕೆ ಮತ್ತೆ ಹತ್ತಿ ಅದನ್ನು ತಂದಿದ್ದರು, ಹೆಂಡತಿ ಎಲ್ಲಾದರೂ ಬಿದ್ದಿದ್ದರೆ ಕೂರಿಸಲು ಬೇಕೆಂದು. ಮುಖ ಸುಣ್ಣದಂತಾಗಿತ್ತು. ಸಂಘದವರು ಅವರನ್ನೇ ಆ ಸ್ಟೂಲಿನಲ್ಲಿ ಕೂರಿಸಿ ಗಾಳಿ ಬೀಸಿದರು. ಅಮ್ಮಣ್ಣಿ ಗ್ಲೂಕೋಸು ಕಲಸಿ ಕೊಟ್ಟಳು.

"ಏನಾದ್ರೂ ಆಯ್ತೇನೇ?" ಎಂದರು ಪದ್ಮನಾಭ.

"ಏನೂ ಆಗ್ಲಿಲ್ಲ."

"ಏನೂ?"

"ಹಸಿವಾಗಿದೆ."

ಅವರು ಹೆಂಡತಿಯನ್ನೇ ನೋಡುತ್ತ ಕುಳಿತರು. ಆಮೇಲೆ, ಆ ನಲವತ್ತು ಜನರ ಮುಂದೆ, ಜಯನಗರದಲ್ಲಿ ಎಂದೂ ಮಾಡದ ಒಂದು ಕೆಲಸ ಮಾಡಿದರು. ಅದೇನೆಂದು ಪದ್ಮನಾಭ ನನಗೆ ಹೇಳಲಿಲ್ಲ. ಅಮ್ಮಣ್ಣಿಯೂ ಹೇಳಲಿಲ್ಲ. ಸಂಘದವರು ಚಪ್ಪಾಳೆ ತಟ್ಟಿದರು ಎಂಬಲ್ಲಿಗೆ ಇಬ್ಬರೂ ಕಥೆ ನಿಲ್ಲಿಸಿ ಬೇರೆ ಬೇರೆ ಕಡೆ ನೋಡುತ್ತಿದ್ದರು. ಬಸ್ಸು ನಿಲ್ಲುವ ಕಡೆ ಇದ್ದ ಅಂಗಡಿಯಲ್ಲಿ ಕೋಟೆಯ ಚಿತ್ರವಿದ್ದ ಕಾರ್ಡೊಂದನ್ನು ಕೊಂಡು, ಅಲ್ಲಿಯೇ ನಿಂತು ಅವರು ಬರೆದು ಅಂಚೆಗೆ ಹಾಕಿದರು.

ಆ ಕಾರ್ಡನ್ನು ನಾನೇ ನೋಡಿದ್ದೇನೆ. ಹತ್ತು ದಿನಗಳ ಮೇಲೆ ಒಂದು ಮಧ್ಯಾಹ್ನ ಸೀತಾಲಕ್ಷ್ಮಮ್ಮನವರು ಖಾಲಿ ಸೈಟುಗಳನ್ನು ಅಡ್ಡ ಹಾಯ್ದು, ಮುಳ್ಳನ್ನೂ ಲೆಕ್ಕಿಸದೆ, ನಮ್ಮ ಮನೆಗೆ ಬಂದರು.

"ಟೀಚರಮ್ಮಾ, ಇದನ್ನ ಸ್ವಲ್ಪ ಓದಿ. ನನ್ನ ಕನ್ನಡಕ ಸರಿಯಿಲ್ವೋ, ನನ್ನ ಮಗನ ತಲೆ ಸರಿಯಿಲ್ವೋ ನೋಡಣ."

ನಾನು ಓದಿದೆ: 'ಅಮ್ಮನಿಗೆ ಸಾಷ್ಟಾಂಗ ನಮಸ್ಕಾರಗಳು. ಇಂದು ಈ ಕೋಟೆಯನ್ನು ಹತ್ತಿದೆವು. ದೇವರ ಗುಡಿಯ ಹೊರಗೆ ಬಿಟ್ಟ ಬೂಟುಗಳನ್ನು ಯಾರೋ ತೆಗೆದುಕೊಂಡು ಹೋದರು. ಅಮ್ಮಣ್ಣಿ ಬರಿಗಾಲಿನಲ್ಲಿ ಬೆಟ್ಟದ ತುದಿಯಿಂದ ಬುಡದವರೆಗೆ ಓಡಿ ತಂದಳು. ನಾನು ಓಡಲಾರದೆ ಹಿಂದುಳಿದೆ. ಅವಳ ಹೃದಯದಲ್ಲಿ ಯಾವ ದೋಷವೂ ಇಲ್ಲ. ಇದನ್ನು ಕಣ್ಣಾರೆ ಕಂಡು ಬರೆಯುತ್ತಿದ್ದೇನೆ. ಊರಿಗೆ ಬಂದ ಮೇಲೆ ಅವಳು ಶಾಲೆಯ ಕೆಲಸಕ್ಕೆ ಸೇರಬೇಕೆಂದಿದ್ದಾಳೆ. ನನ್ನ ಒಪ್ಪಿಗೆ ಇದೆ. ನಿಮ್ಮದನ್ನು ಬೇಡುತ್ತೇನೆ.'

ಸೀತಾಲಕ್ಷ್ಮಮ್ಮನವರು ಸೆರಗಿನಿಂದ ಒಂದು ಸಲ ಕಣ್ಣು ಒರೆಸಿಕೊಂಡರು. ಆಮೇಲೆ ಅವರಿಗೆ ಸಿಟ್ಟು ಬಂತು.

"ಎರಡು ಜೊತೇನೂ ಒಂದೇ ಕಡೆ ಬಿಟ್ಟಿದಾರೆ! ಒಂದನ್ನ ಈ ಬಾಗಿಲ ಹತ್ರ, ಇನ್ನೊಂದನ್ನ ಆ ಕಂಬದ ಹತ್ರ ಬಿಡಬೇಕು ಅಂತ ಚಿಕ್ಕಂದಿನಿಂದ ಹೇಳಿಕೊಟ್ಟಿದೀನಿ. ಒಂಟಿ ಚಪ್ಪಲಿ ಯಾರು ತಗೊಂಡ್ಹೋಗ್ತಾರೆ? ಇಂಜಿನಿಯರಂತೆ ಇಂಜಿನಿಯರು!"

"ಹೌದಮ್ಮಾ" ಎಂದೆ.

"ಇಪ್ಪತ್ತು ವರ್ಷ ಆ ಹುಡುಗೀನ ಕೂರಿಸಿಬಿಟ್ವಲ್ಲ ಟೀಚರಮ್ಮಾ, ಎಲ್ಲಾರೂ ಸೇರಿ." ಇದನ್ನು ಅವರು ನನಗೆ ಹೇಳಲಿಲ್ಲ, ಕಾರ್ಡಿಗೆ ಹೇಳಿದರು. ತಟ್ಟನೆ ತಲೆಯೆತ್ತಿ, "ನಿಮ್ಮ ಹೆಡ್‌ಮಾಸ್ಟ್ರು ನಾಳೆ ಸಿಗ್ತಾರಾ?" ಎಂದು ಕೇಳಿದರು.

ಮರುದಿನ ಬೆಳಿಗ್ಗೆ ಅವರು ರೇಷ್ಮೆ ಸೀರೆಯುಟ್ಟು ನನ್ನೊಡನೆ ಶಾಲೆಗೆ ಬಂದರು. ಏಕಾಂತಯ್ಯನವರು ಎದ್ದು ನಿಂತು ಕುರ್ಚಿ ತೋರಿಸಿದರು. ಅವರು ಕುಳಿತುಕೊಳ್ಳಲಿಲ್ಲ. ಸೊಸೆ ಜನವರಿಗೆ ಬರುತ್ತಾಳೆ, ಅಲ್ಲಿಯ ವೈದ್ಯರಿಂದ ಪ್ರಮಾಣಪತ್ರವನ್ನೂ ತರುತ್ತಾಳೆ, ಮುಂದಿನ ಜೂನ್‌ಗೆ ಒಂದು ಕೆಲಸ ಇಟ್ಟಿರಬೇಕು ಎಂದರು.

ಏಕಾಂತಯ್ಯನವರು ಸಂಕೋಚದಿಂದ, "ಆಗಬಹುದು ತಾಯೀ. ಆದ್ರೆ ಹಿಂದೆ ನೀವೇ, ಆಕೆಯ ಆರೋಗ್ಯ..." ಎಂದು ಮಾತು ತಡೆದರು.

ಸೀತಾಲಕ್ಷ್ಮಮ್ಮನವರು ಕಾರ್ಡಿನ ಚಿತ್ರದ ಬದಿಯನ್ನು ಮೇಲೆ ಮಾಡಿ ಮೇಜಿನ ಮೇಲಿಟ್ಟರು. ಬೆಟ್ಟ, ಗೋಡೆಗಳು, ಬುರುಜು. ಬೆರಳನ್ನು ಬುರುಜಿನ ತುದಿಯಲ್ಲಿಟ್ಟು, ಮೆಲ್ಲಗೆ ಬೆಟ್ಟದ ಬುಡದವರೆಗೆ ಎಳೆದು ತಂದರು.

"ನನ್ನ ಸೊಸೆ ಇಲ್ಲಿಂದ ಇಲ್ಲೀತನಕ ಓಡಿದಾಳೆ, ಬರಿಗಾಲಲ್ಲಿ. ನಿಮ್ಮ ಶಾಲೆಗೆ ಎಷ್ಟು ಮೆಟ್ಟಿಲಿದೆ?"

ಏಕಾಂತಯ್ಯನವರು ಕನ್ನಡಕ ಸರಿಮಾಡಿಕೊಂಡು ಚಿತ್ರವನ್ನು ನೋಡಿದರು, ಬಾಗಿಲ ಕಡೆ ನೋಡಿದರು.

"ಮೂರು, ತಾಯೀ."